ಪೆನಿಸಿಲಿನ್ ಅಥವಾ ಟೆಟ್ರಾಸೈಕ್ಲಿನ್: ಯಾವ ಪ್ರಾಣಿಗೆ ಯಾವುದು?

ಎರಡೂ ಆಂಟಿಬಯಾಟಿಕ್ ಔಷಧಿಗಳೇ. ಪೆನಿಸಿಲಿನ್ ಬ್ಯಾಕ್ಟೀರಿಯಾದ ಕೋಶಗೋಡೆ ಕಟ್ಟಲು ಬಿಡದೆ ಕೊಲ್ಲುತ್ತದೆ. ಸ್ಟ್ರೆಪ್ಟೊಕಾಕಸ್‌ನಿಂದ ಹಸುವಿಗೆ ಕೆಚ್ಚಲು ಬಾವು ಬಂದಿದ್ದರೆ ನನ್ನ ಮಟ್ಟಿಗೆ ಮೊದಲ ಆಯ್ಕೆ ಇದೇ. ಆದರೆ ಮೊಲ, ಗಿನಿಯಿಲಿಗೆ ಬಾಯಿಯಿಂದ ಕೊಟ್ಟರೆ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು ಪ್ರಾಣಕ್ಕೇ ಕುತ್ತು. ಮೈಕೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾಕ್ಕಂತೂ ಇದು ನಾಟುವುದೇ ಇಲ್ಲ. ಅದಕ್ಕೆ ಕೋಶಗೋಡೆಯೇ ಇಲ್ಲ ಅಲ್ವಾ!

ಅಲ್ಲಿ ಟೆಟ್ರಾಸೈಕ್ಲಿನ್ ಕೆಲಸಕ್ಕೆ ಬರುತ್ತದೆ. ಇದು ಪ್ರೋಟೀನ್ ತಯಾರಿಕೆ ತಡೆದು ಬ್ಯಾಕ್ಟೀರಿಯಾ ಬೆಳೆಯದಂತೆ ಮಾಡುತ್ತದೆ. ಉಣ್ಣೆ ಹುಳು ಕಚ್ಚಿ ಬರುವ ಅನಾಪ್ಲಾಸ್ಮೋಸಿಸ್, ಎರ್ಲಿಕಿಯೋಸಿಸ್‌ಗೆ ಇದೇ ಸರಿ. ಹಲ್ಲು ಮೂಡುತ್ತಿರುವ ಮರಿಗಳಿಗೆ ಬೇಡ, ಹಲ್ಲು ಹಳದಿಯಾಗಬಹುದು. ಎರಡನ್ನೂ ಸುಮ್ನೆ ಒಟ್ಟಿಗೆ ಕೊಟ್ಟರೆ ಲಾಭಕ್ಕಿಂತ ನಷ್ಟವೇ ಜಾಸ್ತಿ: ಬೆಳೆಯುತ್ತಿರುವ ಬ್ಯಾಕ್ಟೀರಿಯಾ ಮೇಲೆಯೇ ಪೆನಿಸಿಲಿನ್ ಪರಿಣಾಮ ಚೆನ್ನಾಗಿರುವುದು, ಟೆಟ್ರಾಸೈಕ್ಲಿನ್ ಆ ಬೆಳವಣಿಗೆಯನ್ನೇ ತಡೆಯುತ್ತದೆ.

ಇನ್ನೊಂದು ಆಂಟಿಬಯಾಟಿಕ್ ಎನ್ರೋಫ್ಲಾಕ್ಸಾಸಿನ್? ಪಶುವೈದ್ಯರು ಪರೀಕ್ಷೆ ಮಾಡಿಸಿ ಹೇಳಿದರೆ ಮಾತ್ರ. ಪ್ರಮಾಣ ಮೀರಿದರೆ ಬೆಕ್ಕಿನ ಕಣ್ಣೇ ಹೋಗಬಹುದು.