ಪೋಲೊ ಜಿಟಿಗೆ ಯಾವ ಇಂಜಿನ್ ಆಯಿಲ್? ಕಲಬುರಗಿ ಬಿಸಿಲಲ್ಲಿ ಮೂರನ್ನೂ ಓಡಿಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ನನ್ನ ಆಯ್ಕೆ 5ಡಬ್ಲ್ಯೂ-40 ಫುಲ್ ಸಿಂಥೆಟಿಕ್ (ಡಬ್ಲ್ಯೂಗೆ ಮೊದಲಿನ ಸಂಖ್ಯೆ ತಣ್ಣಗಿದ್ದಾಗಿನ, ಕೊನೆಯದು ಬಿಸಿಯಲ್ಲಿನ ದಪ್ಪದ ದರ್ಜೆ). ಅದೂ ಡಬ್ಬಿಯ ಹಿಂದೆ ವಿಡಬ್ಲ್ಯೂ 502 00, ಅಂದರೆ ಪೋಲೊ ಮಾಡುವ ಫೋಕ್ಸ್‌ವ್ಯಾಗನ್ ಕಂಪನಿಯ ಒಪ್ಪಿಗೆ ನಂಬರ್, ಇದ್ದರೆ ಮಾತ್ರ. ಉಳಿದ ಎರಡರ, ಅಂದರೆ 15ಡಬ್ಲ್ಯೂ-40 ಮಿನರಲ್ ಮತ್ತು 5ಡಬ್ಲ್ಯೂ-30ರ ಬಗ್ಗೆ ಇಲ್ಲಿ ಜಾಸ್ತಿ ಬರೆದಿದ್ದೇನೆ, ಯಾಕಂದರೆ ನಮ್ಮೂರಲ್ಲಿ ಆಯಿಲ್ ಕೇಳಿದರೆ ಮೊದಲು ಕೈಗೆ ಬರುವುದು ಅವೇ.

ಗಾಡಿ ಪೋಲೊ ಜಿಟಿ ಟಿಎಸ್‌ಐ, ಹಳೆಯ 1.2 ಲೀಟರ್ ಟರ್ಬೊ ಪೆಟ್ರೋಲ್. ಹೈದರಾಬಾದಿನಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಸ್ಪೋರ್ಟ್ಸ್ ಕಾರು ಅಂದರೆ ಎರಡೇ ಸೀಟು ಇರಬೇಕು ಅನ್ನುವವರು ಇದ್ದಾರೆ, ಇರಲಿ. ಸುಮಾರು 1,100 ಕೆ.ಜಿ. ತೂಕಕ್ಕೆ 105 ಪಿಎಸ್ ಶಕ್ತಿ ಇರುವ ಗಾಡಿ ಹುಮನಾಬಾದ್ ದಾಟಿ ಹೈದರಾಬಾದ್ ಹೈವೇಗೆ ಬಿದ್ದ ಮೇಲೆ ಹೇಗೆ ಓಡುತ್ತದೆ ಅನ್ನೋದು ಓಡಿಸಿದವರಿಗೆ ಗೊತ್ತು. ಭಾರತದಲ್ಲಿ ಈ ಇಂಜಿನ್ 2020ರಲ್ಲಿ ನಿಂತುಹೋಯಿತು, ಪೋಲೊನೇ 2022ರಲ್ಲಿ ನಿಂತಿತು. ಇನ್ನು ಇಂಥದ್ದು ಹೊಸದಾಗಿ ಸಿಗುವುದಿಲ್ಲ. ಹಾಗಾಗಿ ಇದರ ಹೊಟ್ಟೆಗೆ ಏನು ಹೋಗುತ್ತದೆ ಅನ್ನೋ ವಿಷಯದಲ್ಲಿ ನಾನು ಸ್ವಲ್ಪ ಹಟ ಮಾಡುತ್ತೇನೆ.

ಗಾಡಿ ಬಂದಾಗ ಅದರಲ್ಲಿ ಇದ್ದದ್ದು 15ಡಬ್ಲ್ಯೂ-40, ಸಾದಾ ಮಿನರಲ್ ಆಯಿಲ್. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಇಂಜಿನ್ನಿನೊಳಗಿನ ಟೈಮಿಂಗ್ ಚೈನ್ ಕಡೆಯಿಂದ ಕರಕರ ಸದ್ದು, ಆಮೇಲೆ ತಾನಾಗಿ ಅಡಗುತ್ತಿತ್ತು. ರಿಂಗ್ ರೋಡ್ ಕಡೆ ನನಗೆ ಪರಿಚಯದ ಮಿಸ್ತ್ರಿ ಇದನ್ನೇ ಮುಂದುವರಿಸಿ ಅಂದರು. "ಸರ್, ನಮ್ಮೂರ ಬಿಸಲ ನೋಡ್ರಿ. ತೆಳ್ಳಗಿನ ಎಣ್ಣಿ ನೀರಾಗಿ ಹೋಗ್ತದ. ದಪ್ಪಂದೇ ಇರ್ಲಿ." ಅವರ ಕೈಕೆಲಸದ ಮೇಲೆ ನನಗೆ ಪೂರ್ತಿ ನಂಬಿಕೆ ಇದೆ. ಆದರೆ ಈ ಮಾತನ್ನು ಒಪ್ಪಲು ಆಗಲಿಲ್ಲ.

ಕಾರಣ ಸರಳ. ಹೊರಗೆ ಮೇ ತಿಂಗಳ 43 ಡಿಗ್ರಿ ಇರಲಿ, ಬೀದರಿನ ಜನವರಿ ಚಳಿ ಇರಲಿ, ಇಂಜಿನ್ ಬಿಸಿಯಾದ ಮೇಲೆ ಕೂಲೆಂಟ್ 90 ಡಿಗ್ರಿ ಆಸುಪಾಸಿನಲ್ಲೇ ಇರುತ್ತದೆ. ಥರ್ಮೋಸ್ಟಾಟ್ ಇರುವುದೇ ಅದಕ್ಕೆ. ಇನ್ನು ಡಬ್ಬಿಯ ಮೇಲಿನ ಕೊನೆಯ ಸಂಖ್ಯೆ 100 ಡಿಗ್ರಿಯಲ್ಲಿ ಅಳೆದದ್ದು. ಅಂದರೆ 15ಡಬ್ಲ್ಯೂ-40, 5ಡಬ್ಲ್ಯೂ-40 ಎರಡೂ ಬಿಸಿಯಲ್ಲಿ ಒಂದೇ ದರ್ಜೆ. 15ಡಬ್ಲ್ಯೂ ದಪ್ಪ ಅನ್ನಿಸುವುದು ತಣ್ಣಗಿದ್ದಾಗ ಮಾತ್ರ. ಆ ಹೊತ್ತಿನಲ್ಲಿ ನಮಗೆ ದಪ್ಪ ಬೇಕಾಗಿಲ್ಲ, ಆಯಿಲ್ ಬೇಗ ಮೇಲೇರಬೇಕು, ಅಲ್ವಾ? ಅದರ ಮೇಲೆ ಟರ್ಬೊ, ಅಂದರೆ ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಚಕ್ರ, ನಿಮಿಷಕ್ಕೆ ಲಕ್ಷಕ್ಕೂ ಜಾಸ್ತಿ ಸುತ್ತು ತಿರುಗುವ ಭಾಗ. ಗಾಡಿ ನಿಲ್ಲಿಸಿದಾಗ ಅಲ್ಲಿ ಉಳಿಯುವ ಕಾವಿಗೆ ಮಿನರಲ್ ಆಯಿಲ್ ಬೇಗ ಸುಟ್ಟು ಕರಿಯಾಗಿ ಗಟ್ಟಿ ಕಟ್ಟುತ್ತದೆ. ಹಾಗಾಗಿ ಇಳಿಸಿಬಿಟ್ಟೆವು.

ಆಮೇಲೆ ಊರಲ್ಲೇ ಒಂದು ಕಡೆ ಸರ್ವಿಸ್‌ಗೆ ಬಿಟ್ಟಾಗ ಅವರು ಹಾಕಿದ್ದು 5ಡಬ್ಲ್ಯೂ-30. ಸಿಂಥೆಟಿಕ್ಕೇ, ಹೆಸರಾಂತ ಬ್ರಾಂಡ್, ಮೈಲೇಜ್ ಜಾಸ್ತಿ ಕೊಡುತ್ತದೆ ಎಂದು ಡಬ್ಬಿಯ ಮೇಲೇ ಬರೆದಿತ್ತು. ಆದರೆ 502 00 ಇರಲಿಲ್ಲ. ಮೊದಮೊದಲು ಗಾಡಿ ಹಗುರಾಗಿ ಓಡಿತು. ಬೆಳಗಿನ ಕರಕರ ಪೂರ್ತಿ ಹೋಯಿತು. ಮೈಲೇಜ್ ಹೇಳಿಕೊಳ್ಳುವಷ್ಟು ಏರಲಿಲ್ಲ.

ತೊಂದರೆ ಶುರುವಾಗಿದ್ದು ಬೇಸಿಗೆಯಲ್ಲಿ. ಏಪ್ರಿಲ್ ಮಧ್ಯಾಹ್ನ ಎಸಿ ಹಾಕಿಕೊಂಡು ಹೈದರಾಬಾದಿನಿಂದ ಜೋರಾಗಿ ಬಂದು, ಮನೆ ಮುಂದೆ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಚಹಾ ಕುಡಿದು ಬಂದು ಡಿಪ್‌ಸ್ಟಿಕ್ ಎಳೆದೆ. ಬಟ್ಟೆಯಲ್ಲಿ ಒರೆಸಿ ಮತ್ತೆ ಇಳಿಸಿ ತೆಗೆದರೆ ಆಯಿಲ್ ಕೆಳಗಿನ ಗುರುತಿನ ಅಂಚಿನಲ್ಲಿ ಮಾತ್ರ ಹೊಳೆಯುತ್ತಿತ್ತು. ಮೇಲೆಲ್ಲ ಒಣಗಿದ ಲೋಹ. ಹೊರಡುವ ಮೊದಲು ಅದೇ ಜಾಗದಲ್ಲಿ ನೋಡಿದಾಗ ಮೇಲಿನ ಗುರುತಿಗೆ ಹತ್ತಿರ ಇತ್ತು. ಕೆಳಗೆ ಒಂದು ಹನಿ ಸೋರಿಕೆ ಇಲ್ಲ. ಬಿಸಿ ಇಂಜಿನ್ ಆರಿಸಿ ಮತ್ತೆ ಸ್ಟಾರ್ಟ್ ಮಾಡಿದರೆ ವಾಲ್ವ್ ಒತ್ತುವ ಟ್ಯಾಪೆಟ್‌ನ ಟಿಕ್ ಟಿಕ್ ಕೂಡ ಕೇಳತೊಡಗಿತು.

ಸರಿ, ಒಂದು ಲೀಟರ್ ಟಾಪ್‌ಅಪ್ ಮಾಡೋಣ ಅಂತ ಸೂಪರ್ ಮಾರ್ಕೆಟ್ ಕಡೆ ಹೋದೆ. ಅಂಗಡಿಗಳಲ್ಲಿ ಒಂದು ಲೀಟರ್ ಡಬ್ಬಿ ರಾಶಿ ರಾಶಿ ಇವೆ, ಎಲ್ಲ ಬೈಕಿನ 20ಡಬ್ಲ್ಯೂ-40. ನನಗೆ ಬೇಕಾದ ನಂಬರಿನದು ಕೇಳಿದರೆ ದೊಡ್ಡ ಕ್ಯಾನ್ ತೋರಿಸುತ್ತಾರೆ. ಸ್ವಲ್ಪ ಟಾಪ್‌ಅಪ್‌ಗೆ ಪೂರ್ತಿ ಕ್ಯಾನ್ ಯಾಕೆ ತಗೊಳ್ಳಬೇಕು? ಜಗತ್ ಸರ್ಕಲ್ ಆಚೆಯೂ ಅದೇ ಉತ್ತರ, ಸೇಡಂ ರೋಡಿನಲ್ಲೂ ಅದೇ. "ಬೈಕಿಂದೇ ಅರ್ಧ ಲೀಟರ್ ಹಾಕ್ರಿ, ಏನೂ ಆಗಂಗಿಲ್ಲ" ಅಂದರು ಒಬ್ಬರು.

ಆನ್‌ಲೈನ್‌ನಲ್ಲಿ ತರಿಸಿದರೆ ಡಬ್ಬಿ ಬಂತು, ಆದರೆ ಮುಚ್ಚಳದ ಕೆಳಗಿನ ಉಂಗುರ ಮೊದಲೇ ಬಿಟ್ಟುಕೊಂಡಿತ್ತು. ತಿರುವಿದರೆ ಚಟ್ ಅನ್ನುವ ಸದ್ದೇ ಇಲ್ಲ. ತಳದ ಬ್ಯಾಚ್ ನಂಬರ್ ಅರ್ಧ ಅಳಿಸಿತ್ತು. ಅಂಥದ್ದನ್ನು ಈ ಇಂಜಿನ್ನಿಗೆ ಸುರಿಯಲು ನನಗೆ ಮನಸ್ಸಿಲ್ಲ. ವಾಪಸ್ ಕಳಿಸಿದೆ. ದುಡ್ಡು ಬಂತು, ಆದರೆ ಅಲ್ಲಿಯವರೆಗೂ ಗಾಡಿ ನಿಂತೇ ಇತ್ತು. ದಯವಿಟ್ಟು ಯಾವ ಡಬ್ಬಿಯಾದರೂ ಉಂಗುರ ಮತ್ತು ಬ್ಯಾಚ್ ನಂಬರ್ ನೋಡದೆ ತೆರೆಯಬೇಡಿ. ದಾರಿಯಲ್ಲಿ ಸಿಕ್ಕಿಹಾಕಿಕೊಂಡರೆ ಮಾತ್ರ ಯಾವುದಾದರೂ ಒಳ್ಳೆಯ ಕಾರ್ ಆಯಿಲ್ ಸ್ವಲ್ಪ ಸೇರಿಸಬಹುದು. ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ಗುರುತಿರುವ ಆಯಿಲ್‌ಗಳು ಒಂದರೊಳಗೊಂದು ಬೆರೆಯಲೇಬೇಕು ಅನ್ನುವ ನಿಯಮ ಇದೆ. ಗುಣ ಸ್ವಲ್ಪ ಇಳಿಯುತ್ತದೆ, ಇಂಜಿನ್ ಒಣಗುವುದಕ್ಕಿಂತ ಅದು ವಾಸಿ.

ಆಯಿಲ್ ಯಾಕೆ ಇಳಿಯಿತು? ನಾನು ತಿಳಿದುಕೊಂಡಷ್ಟು ಹೀಗಿದೆ. ಮೈಲೇಜಿಗೆಂದು ಮಾಡಿದ 5ಡಬ್ಲ್ಯೂ-30ಗಳಿಗೆ 250 ಡಿಗ್ರಿಯಲ್ಲಿ ಒಂದು ಗಂಟೆ ಕಾಯಿಸಿದಾಗ 15 ಶೇಕಡಾವರೆಗೆ ಆವಿಯಾಗಲು ಅನುಮತಿ ಇದೆ. 502 00 ಆಯಿಲ್‌ಗಳು ಸಾಮಾನ್ಯವಾಗಿ ಸೇರುವ ಯುರೋಪಿನ ಎ3/ಬಿ4 ದರ್ಜೆಯಲ್ಲಿ ಮಿತಿ 13 ಶೇಕಡಾ. ಇನ್ನೊಂದು ಎಚ್‌ಟಿಎಚ್‌ಎಸ್, ಅಂದರೆ 150 ಡಿಗ್ರಿಯಲ್ಲಿ ಬೇರಿಂಗ್ ನಡುವೆ ಒತ್ತಿದಾಗಲೂ ಆಯಿಲ್ ಎಷ್ಟು ದಪ್ಪ ಉಳಿಯುತ್ತದೆ ಅನ್ನುವ ಲೆಕ್ಕ. ಮೈಲೇಜ್ ಆಯಿಲ್‌ಗೆ 2.9 ಇದ್ದರೆ ಸಾಕು. 502 00 ಕೇಳುವುದು 3.5. ಜೋರಾಗಿ ಓಡುವ ಟರ್ಬೊಗೆ ಈ ವ್ಯತ್ಯಾಸ ದೊಡ್ಡದು.

ಹಾಗಂತ 30 ಅನ್ನೋ ಸಂಖ್ಯೆಯೇ ಕೆಟ್ಟದ್ದಲ್ಲ. ವಿಡಬ್ಲ್ಯೂ 504 00 ಇರುವ 5ಡಬ್ಲ್ಯೂ-30 ಕೂಡ 3.5 ದಾಟುತ್ತದೆ, ಒಳ್ಳೆಯ ಆಯಿಲ್, ಆದರೆ ನಮ್ಮ ಕಡೆ ಸಿಗುವುದು ಕಷ್ಟ. 508 00 ಇರುವ ಹಸಿರು ಬಣ್ಣದ 0ಡಬ್ಲ್ಯೂ-20 ಈ ಹಳೆಯ ಇಂಜಿನ್ನಿಗೆ ಬೇಡವೇ ಬೇಡ.

ಈಗ ಓಡುತ್ತಿರುವುದು ಮೋಟುಲ್ 8100 ಎಕ್ಸ್-ಸೆಸ್ 5ಡಬ್ಲ್ಯೂ-40. ಇದರ ಬಗ್ಗೆ ಬರೆಯಲು ಜಾಸ್ತಿ ಇಲ್ಲ, ನನಗೆ ಇಷ್ಟವಾದದ್ದೂ ಅದೇ. ಬೆಳಿಗ್ಗೆ ಸದ್ದಿಲ್ಲ. ಮೇ ತಿಂಗಳಲ್ಲಿ ಹೈದರಾಬಾದಿಗೆ ಹೋಗಿ ಬಂದರೂ ಡಿಪ್‌ಸ್ಟಿಕ್ಕಿನಲ್ಲಿ ಗೆರೆ ಅಲುಗಿದ್ದು ಕಾಣುವುದಿಲ್ಲ. ಟಾಪ್‌ಅಪ್ ಹುಡುಕಿಕೊಂಡು ಅಲೆಯುವ ಕೆಲಸವೇ ಬರಲಿಲ್ಲ, ಉಳಿದದ್ದನ್ನು ಗಟ್ಟಿಯಾಗಿ ಮುಚ್ಚಿ ಡಿಕ್ಕಿಯಲ್ಲೇ ಇಟ್ಟಿರುತ್ತೇನೆ. 502 00 ಒಪ್ಪಿಗೆ ಇರುವ ಬೇರೆ ಬ್ರಾಂಡ್ ಆದರೂ ನಾನು ಹಾಕುತ್ತೇನೆ, ನಂಬರ್ ಮುಖ್ಯ.

10ಡಬ್ಲ್ಯೂ-60 ರೇಸ್ ಆಯಿಲ್ ಬಗ್ಗೆಯೂ ಗೆಳೆಯರು ಕೇಳುತ್ತಾರೆ. ಟ್ರ್ಯಾಕ್‌ಗೆ ಹೋಗದವರಿಗೆ ಸುಮ್ನೆ ಖರ್ಚು.

ದುಬಾರಿ ಅನ್ನೋದು ನಿಜ. ಮೇಲೆ ನಾನು ಕಂಪನಿ ಹೇಳಿದ 15,000 ಕಿ.ಮೀ. ತನಕ ಕಾಯದೆ ಅರ್ಧಕ್ಕೇ ಬದಲಾಯಿಸುತ್ತೇನೆ. ಕೆಲಸದ ಮೇಲೆ ಮಳಖೇಡ, ಸೇಡಂ ಕಡೆ ಓಡಾಟ ಇದೆ, ಆ ರಸ್ತೆಯ ಸಿಮೆಂಟ್ ಧೂಳು ಏರ್ ಫಿಲ್ಟರ್ ಬಿಚ್ಚಿದಾಗ ಬೂದು ಬಣ್ಣದಲ್ಲಿ ಉದುರುತ್ತದೆ. ಏರ್ ಫಿಲ್ಟರ್ ಕೂಡ ಅಷ್ಟೇ ಬೇಗ ಬದಲಿಸುತ್ತೇನೆ. ಬರೀ ಹೈವೇಯಲ್ಲಿ ಓಡಿಸುವವರು ಇಷ್ಟು ಬೇಗ ಬದಲಿಸಬೇಕಿಲ್ಲ. ಬಜೆಟ್ ಬಿಗಿ ಇದ್ದರೆ ಹೆಸರು ಕಡಿಮೆ ಇರುವ ಬ್ರಾಂಡ್‌ಗೆ ಇಳಿಯಿರಿ, 502 00 ಮಾತ್ರ ಬಿಡಬೇಡಿ. ಸರ್ವಿಸ್‌ಗೆ ಬಿಡುವಾಗ ಡಬ್ಬಿ ನೀವೇ ತಗೊಂಡು ಹೋಗಿ, ಹೊಸ ಡ್ರೈನ್ ಬೋಲ್ಟ್ ಕೂಡ ಜೊತೆಗಿರಲಿ. ಇದರ ವಾಷರ್ ಬೋಲ್ಟಿಗೇ ಕೂಡಿಕೊಂಡಿರುತ್ತದೆ, ಹಳೆಯದನ್ನೇ ಬಿಗಿದರೆ ತೊಟ್ಟಿಕ್ಕುವ ಸಾಧ್ಯತೆ ಜಾಸ್ತಿ.