ಅಧ್ಯಾರೋಪಣ ತತ್ವ ಕಲಿಸಲು ಉಕ್ಕಿನ ಸ್ಪ್ರಿಂಗ್, ರಿಪಲ್ ಟ್ಯಾಂಕ್, ಸ್ಪೀಕರ್, ಸಿಮ್ಯುಲೇಷನ್: ಒಂದು ಹೋಲಿಕೆ

ವಿಜಯಪುರದಲ್ಲಿ ಪಿಯು ವಿದ್ಯಾರ್ಥಿಗಳಿಗೆ ಭೌತಶಾಸ್ತ್ರ ಹೇಳಿಕೊಡುವ ನಾನು, ತರಂಗಗಳ ಅಧ್ಯಾರೋಪಣ ತತ್ವವನ್ನು ತೋರಿಸಲು ಬಳಸಿ ನೋಡಿದ ಸಾಧನಗಳಲ್ಲಿ, ಐದುನೂರು ರೂಪಾಯಿಯೊಳಗೆ ಸಿಕ್ಕ ಉಕ್ಕಿನ ಸುರುಳಿ ಸ್ಪ್ರಿಂಗ್‌ಗೆ ಸರಿಸಾಟಿಯಾದದ್ದು ಇನ್ನೊಂದಿಲ್ಲ. ಎರಡು ತರಂಗಗಳು ಕೂಡಿದ ಜಾಗದಲ್ಲಿ ಒಟ್ಟು ಸ್ಥಾನಪಲ್ಲಟವು (ಮೂಲ ಜಾಗದಿಂದ ಸರಿದ ದೂರ) ಅವುಗಳ ಬಿಡಿ ಸ್ಥಾನಪಲ್ಲಟಗಳ ಮೊತ್ತವಾಗಿರುತ್ತದೆ ಎಂಬ ಆ ತತ್ವದ ವಾಕ್ಯವನ್ನು ವಿದ್ಯಾರ್ಥಿಗಳು ಬಾಯಿಪಾಠ ಮಾಡಿಯೇ ಬಂದಿರುತ್ತಾರೆ. ಕೂಡಿದ ನಂತರ ಆ ಎರಡೂ ಏನಾಗುತ್ತವೆ ಎಂದು ಕೇಳಿದರೆ ಮಾತ್ರ ತಡವರಿಸುತ್ತಾರೆ. ಆ ಪ್ರಶ್ನೆಗೆ ಕಣ್ಣೆದುರೇ ಉತ್ತರ ಕೊಡುವ ಸಾಧನ ಯಾವುದು ಎಂಬುದನ್ನೇ ನಾನು ಮುಖ್ಯವಾಗಿ ನೋಡಿದ್ದೇನೆ.

ಸ್ಪ್ರಿಂಗನ್ನು ಶಹಾಬಾದಿ ಫರಸಿ ಹಾಸಿದ ನುಣುಪಾದ ನೆಲದ ಮೇಲೆ ಎಳೆದು ಹಿಡಿದು, ಎರಡೂ ತುದಿಗಳಲ್ಲಿ ಒಬ್ಬೊಬ್ಬರು ಏಕಕಾಲಕ್ಕೆ ಅಡ್ಡಲಾಗಿ ಒಮ್ಮೆ ಝಾಡಿಸಿದರೆ, ಎರಡು ಉಬ್ಬುಗಳು ಎದುರುಬದುರಾಗಿ ಓಡಿಬರುತ್ತವೆ. ಒಂದೇ ಬದಿಗೆ ಝಾಡಿಸಿದ ಸಮಾನ ಉಬ್ಬುಗಳು ನಡುವೆ ಕೂಡಿದಾಗ ಎತ್ತರ ಇಮ್ಮಡಿಯಾಗುತ್ತದೆ. ವಿರುದ್ಧ ಬದಿಗೆ ಝಾಡಿಸಿದರೆ ಒಂದು ಕ್ಷಣ ಸ್ಪ್ರಿಂಗ್ ನೆಟ್ಟಗಾಗಿಬಿಡುತ್ತದೆ. ಇಡೀ ಓಟ ಸುಮಾರು ಅರ್ಧ ಸೆಕೆಂಡಿನಲ್ಲಿ ಮುಗಿಯುತ್ತದೆ. ನಿಧಾನವಾಗಲೆಂದು ಸ್ಪ್ರಿಂಗನ್ನು ಇನ್ನಷ್ಟು ಎಳೆದರೂ ಉಪಯೋಗವಿಲ್ಲ, ಏಕೆಂದರೆ ಉದ್ದದೊಂದಿಗೆ ಬಿಗಿತವೂ ಹೆಚ್ಚಿ ಉಬ್ಬಿನ ವೇಗ ಏರುವುದರಿಂದ, ತುದಿಯಿಂದ ತುದಿಗೆ ಹೋಗುವ ಸಮಯ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ. ಹೀಗಾಗಿ ಮೊಬೈಲಿನ ಸ್ಲೋ ಮೋಷನ್ ವಿಡಿಯೋ ಅನಿವಾರ್ಯ.

ಈ ಸಾಧನದ ನಿಜವಾದ ತೊಡಕು ಬೇರೆಯೇ ಇದೆ. ಸಮಾನ ಉಬ್ಬುಗಳು ಕೂಡಿ ಬೇರೆಯಾದದ್ದನ್ನು ನೋಡಿದ ಹುಡುಗರು, ಅವು ಒಂದನ್ನೊಂದು ದಾಟಿ ಹೋಗಲಿಲ್ಲ, ಡಿಕ್ಕಿ ಹೊಡೆದು ಹಿಂದಕ್ಕೆ ಬಂದವು ಎಂದು ವಾದಿಸುತ್ತಾರೆ, ಮತ್ತು ಆ ವಾದವನ್ನು ಅದೇ ಪ್ರಯೋಗದಿಂದ ತಳ್ಳಿಹಾಕಲು ಬರುವುದಿಲ್ಲ. ಎಡದಿಂದ ಬಂದದ್ದೂ ಬಲದಿಂದ ಬಂದದ್ದೂ ತದ್ರೂಪವಾಗಿರುವಾಗ, ದಾಟಿದರೂ ಮರಳಿದರೂ ಕಾಣುವ ಚಿತ್ರ ಒಂದೇ. ವಿರುದ್ಧ ಬದಿಯ ಉಬ್ಬುಗಳಲ್ಲಿ ಗೊಂದಲ ಇನ್ನೂ ಹೆಚ್ಚು: ನಡುವಿನ ಸುರುಳಿಗೆ ಕೆಂಪು ದಾರ ಕಟ್ಟಿದರೆ ಅದು ಅಲುಗಾಡುವುದೇ ಇಲ್ಲ. ಗೋಡೆಯ ಮೊಳೆಗೆ ಬಿಗಿದ ತುದಿಯಲ್ಲಿ ಉಬ್ಬು ತಲೆಕೆಳಗಾಗಿ ಹಿಂದಿರುಗುವುದೂ ಹೀಗೆಯೇ ಕಾಣುವುದರಿಂದ, ದಾರವೇ ಗೋಡೆಯಾಯಿತು ಎಂಬ ಅವರ ಮಾತನ್ನು ಸುಳ್ಳು ಎನ್ನಲಾಗದು.

ಸಮಾನತೆಯನ್ನು ಮುರಿಯುವುದೇ ಇದಕ್ಕೆ ಮದ್ದು. ಒಂದು ತುದಿಯಿಂದ ಒಂಟಿ ಉಬ್ಬು ಬಿಟ್ಟು, ಇನ್ನೊಂದು ತುದಿಯಿಂದ ಬೆನ್ನುಬೆನ್ನಿಗೆ ಎರಡು ಸಣ್ಣ ಉಬ್ಬು ಬಿಡಬೇಕು. ನಡುವೆ ಆಕಾರ ಕಲಸಿಹೋದರೂ, ಜೋಡಿ ಉಬ್ಬು ಜೋಡಿಯಾಗಿಯೇ ಎದುರು ತುದಿ ತಲುಪುತ್ತದೆ, ಒಂಟಿ ಒಂಟಿಯಾಗಿಯೇ ತಲುಪುತ್ತದೆ. ಆ ವಿಡಿಯೋ ನೋಡಿದ ಮೇಲೆ ಡಿಕ್ಕಿಯ ವಾದ ಯಾರೂ ಎತ್ತುವುದಿಲ್ಲ.

ನೆಟ್ಟಗಾದ ಕ್ಷಣದಲ್ಲಿ ಶಕ್ತಿ ಎಲ್ಲಿ ಹೋಯಿತು ಎಂಬ ಪ್ರಶ್ನೆಗೂ ಉತ್ತರ ಇದೇ ಸ್ಪ್ರಿಂಗ್‌ನಲ್ಲಿದೆ. ವಿಡಿಯೋವನ್ನು ಒಂದೊಂದೇ ಚಿತ್ರವಾಗಿ ಸರಿಸಿದರೆ, ದಾರದ ಎಡಗಡೆಯ ಸುರುಳಿಗಳು ಒಂದು ಬದಿಗೆ, ಬಲಗಡೆಯವು ವಿರುದ್ಧ ಬದಿಗೆ ರಭಸದಿಂದ ಚಲಿಸುತ್ತಿರುವುದು ಅವುಗಳ ಮಸುಕಿನಿಂದಲೇ ತಿಳಿಯುತ್ತದೆ. ಬಾಗುವಿಕೆಯಲ್ಲಿ ಅಡಗಿದ್ದ ಶಕ್ತಿಯೆಲ್ಲ ಆ ಕ್ಷಣದಲ್ಲಿ ಚಲನಶಕ್ತಿಯಾಗಿದೆ. ಸಮಾನ ಉಬ್ಬುಗಳು ಇಮ್ಮಡಿಯಾದ ಕ್ಷಣದಲ್ಲಿ ಇದರ ತದ್ವಿರುದ್ಧವಾಗಿ ಸುರುಳಿಗಳು ನಿಂತೇಬಿಡುತ್ತವೆ. ಇದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಬೇರೆ ಸಾಧನ ನನಗೆ ಸಿಕ್ಕಿಲ್ಲ.

ಆಟಿಕೆ ಅಂಗಡಿಯ ಬಣ್ಣದ ಪ್ಲಾಸ್ಟಿಕ್ ಸ್ಪ್ರಿಂಗ್ ಬೇಡ. ಅದರ ಉಬ್ಬು ಅರ್ಧ ದಾರಿಯಲ್ಲೇ ಅಡಗುತ್ತದೆ.

ಆನ್‌ಲೈನ್‌ನಲ್ಲಿ ಹಲವು ಸಾವಿರ ಕೊಟ್ಟು ತರಿಸಿದ, ನೀರಿನ ಅಲೆಗಳ ನೆರಳು ತೋರಿಸುವ ಗಾಜಿನ ತಟ್ಟೆಯಾದ ರಿಪಲ್ ಟ್ಯಾಂಕ್‌ನ ಗಾಜಿನ ಅಂಚಿನಿಂದ ನೀರು ಸೋರುತ್ತದೆ, ಚಿತ್ರ ಕಾಣಲು ಕೋಣೆ ಪೂರ್ತಿ ಕತ್ತಲಾಗಬೇಕು. ಥಾಮಸ್ ಯಂಗ್ 1800ರ ದಶಕದ ಆರಂಭದಲ್ಲಿ ಬೆಳಕಿಗೆ ಅನ್ವಯಿಸಿದ ವ್ಯತಿಕರಣವನ್ನು, ಅಂದರೆ ಅಲೆಗಳು ಕೂಡಿ ಕೆಲವೆಡೆ ಬಲಗೊಂಡು ಕೆಲವೆಡೆ ಅಡಗುವುದನ್ನು, ವಿವರಿಸುವಾಗ, ಎರಡು ಬಿಂದುಗಳಿಂದ ಹೊರಟ ಅಲೆಗಳ ನಡುವೆ ಶಾಂತವಾಗಿ ಉಳಿಯುವ ಗೆರೆಗಳನ್ನು ತೋರಿಸಲು ಅದು ಚೆನ್ನ. ಒಂದು ಅಲೆ ಇನ್ನೊಂದನ್ನು ದಾಟಿ ಹೋಗುವುದನ್ನು ಗುರುತಿಸುವುದು ಅದರಲ್ಲಿ ಬಲು ಕಷ್ಟ.

ಒಂದೇ ಆಂಪ್ಲಿಫೈಯರಿಗೆ ಜೋಡಿಸಿದ ಎರಡು ಸ್ಪೀಕರ್‌ಗಳಿಗೆ ನನ್ನ ಎರಡನೆಯ ಸ್ಥಾನ. 680 ಹರ್ಟ್ಸ್‌ನ ಸ್ವರಕ್ಕೆ ತರಂಗದೂರ (ಒಂದು ಅಲೆಯ ಉದ್ದ) ಸುಮಾರು ಅರ್ಧ ಮೀಟರ್ ಆಗುವುದರಿಂದ, ಎದುರಿಗೆ ಅಡ್ಡಡ್ಡ ನಡೆದಂತೆ ಸದ್ದು ಏರಿ ಇಳಿಯುವುದು ಬರಿಗಿವಿಗೆ ಕೇಳುತ್ತದೆ. ಒಂದು ಸ್ಪೀಕರಿನ ಕೆಂಪು ಮತ್ತು ಕಪ್ಪು ವೈರುಗಳನ್ನು ಅದಲುಬದಲು ಮಾಡಿದರೆ, ನಡುಗೆರೆಯಲ್ಲಿ ಜೋರಾಗಿದ್ದ ಸದ್ದು ಕುಗ್ಗುತ್ತದೆ. ಕೋಣೆಯ ಗೋಡೆಗಳ ಪ್ರತಿಧ್ವನಿ ಇದನ್ನು ಕೆಡಿಸುವುದರಿಂದ ತೆರೆದ ಮಾಳಿಗೆಗೆ ಹೋಗಬೇಕು. ಎರಡು ಬೇರೆ ಮೊಬೈಲ್‌ಗಳಿಂದ ಸ್ವರ ಹೊರಡಿಸಿದರೆ ಅವುಗಳ ಗಡಿಯಾರಗಳು ಪೂರ್ತಿ ಹೊಂದುವುದಿಲ್ಲವಾದ್ದರಿಂದ ಸದ್ದು ಏರುವ ಇಳಿಯುವ ಜಾಗಗಳು ಮೆಲ್ಲನೆ ಸರಿಯುತ್ತಿರುತ್ತವೆ, ಆದರೆ 256 ಮತ್ತು 260 ಹರ್ಟ್ಸ್ ನುಡಿಸಿ ಸೆಕೆಂಡಿಗೆ ನಾಲ್ಕು ವಿಸ್ಪಂದನ (ಸದ್ದಿನ ಏರಿಳಿತ) ಕೇಳಿಸಲು ಅವೇ ಸಾಕು.

ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ, ಪ್ರಯೋಗವನ್ನು ಕಂಪ್ಯೂಟರಿನಲ್ಲೇ ತೋರಿಸುವ ಫೆಟ್ ಸಿಮ್ಯುಲೇಷನ್‌ಗಳು ಉಚಿತ, ಮತ್ತು ಉಬ್ಬನ್ನು ಬೇಕಾದಲ್ಲಿ ನಿಲ್ಲಿಸಿ ನೋಡಬಹುದು. ಆದರೆ ಕಂಪ್ಯೂಟರಿಗೆ ಕೂಡಿಸು ಎಂದು ಬರೆದಿರುವುದರಿಂದ ಅದು ಕೂಡಿಸುತ್ತದೆ ಎನ್ನುವ ಹುಡುಗಿಗೆ ಹೇಳಲು ನನ್ನ ಬಳಿ ಉತ್ತರವಿಲ್ಲ. ಅವಳ ಆಕ್ಷೇಪ ನ್ಯಾಯವಾದದ್ದು. ಅಂಥವಳನ್ನು ಗೋಳಗುಮ್ಮಟಕ್ಕೆ ಕರೆದೊಯ್ಯಬಹುದು. 1656ರಲ್ಲಿ ಮುಗಿದ ಆ ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಪಿಸುಗುಟ್ಟುವ ಮೊಗಸಾಲೆಯಲ್ಲಿ ಎದುರುಬದುರು ನಿಂತ ಇಬ್ಬರು ಒಟ್ಟಿಗೇ ಪಿಸುಗುಟ್ಟಿದರೂ, ದಾರಿಯಲ್ಲಿ ಹಾಯ್ದುಹೋದ ಎರಡೂ ಮಾತುಗಳು ಕೆಡದೆ ಆಚೆ ತಲುಪುತ್ತವೆ. ಜನ ಕಡಿಮೆ ಇರುವ ಬೆಳಗಿನ ಹೊತ್ತೇ ಇದಕ್ಕೆ ತಕ್ಕದ್ದು.

ನಾನು ಎರಡು ಕಡೆ ಪಾಠ ಮಾಡುವವನಾದ್ದರಿಂದ ಬಸ್ಸಿನಲ್ಲಿ ಕೈಚೀಲದೊಳಗೆ ಹಿಡಿಯುವ, ಕರೆಂಟ್ ಹೋದರೂ ನಡೆಯುವ ಸಾಧನವೇ ಬೇಕು, ಹಾಗಾಗಿ ಸ್ಪ್ರಿಂಗನ್ನೇ ಆರಿಸುತ್ತೇನೆ. ಬೆಳಕಿನ ವ್ಯತಿಕರಣವನ್ನೇ ಮುಖ್ಯವಾಗಿ ಕಲಿಸುವ, ಕತ್ತಲುಕೋಣೆಯಿರುವ ಕಾಲೇಜಿಗೆ ರಿಪಲ್ ಟ್ಯಾಂಕ್ ಸರಿ. ನೆಲ ಒರಟು ಸಿಮೆಂಟಿನದಾಗಿದ್ದರೆ ಸ್ಪ್ರಿಂಗ್‌ನ ಕೆಳಗೆ ಉದ್ದದ ಫ್ಲೆಕ್ಸ್ ಹಾಳೆಯನ್ನು ಬಿಗಿಯಾಗಿ ಹಾಸಿಕೊಳ್ಳಿ. ಮಡಚುವಾಗ ತುದಿಗಳನ್ನು ಕೈಬಿಡಬೇಡಿ, ಒಮ್ಮೆ ಗಂಟು ಬಿದ್ದ ಸುರುಳಿ ಮೊದಲಿನಂತಾಗುವುದಿಲ್ಲ.