ಮುಂಬಯಿಯಿಂದ ಕೊಚ್ಚಿಗೆ ಯಾಟ್ ಒಯ್ಯುವುದು: ಹಗಲ ಓಟವೋ, ದೂರ ಕಡಲಿನ ನಿಧಾನವೋ, ಲಾರಿಯೋ

ಮುಂಬಯಿಯಲ್ಲಿ ಕೊಂಡ ಮೋಟಾರ್ ಯಾಟನ್ನು ಕೊಚ್ಚಿಯ ಬೋಳ್ಗಾಟ್ಟಿ ಮರೀನಾಕ್ಕೆ ಮುಟ್ಟಿಸುವ ಕೆಲಸ ನನಗೆ ನಾಲ್ಕು ಸಲ ಬಂದಿದೆ. ಮೊದಲ ಸಲ ಹಗಲು ಮಾತ್ರ ವೇಗವಾಗಿ ಓಡಿಸಿ, ಸಂಜೆಗೆ ಯಾವುದಾದರೊಂದು ಬಂದರು ಹಿಡಿಯುತ್ತ ಹೋದೆವು. ಎರಡನೆಯ ಸಲ ದಡ ಬಿಟ್ಟು ದೂರದಲ್ಲಿ, ಹಗಲೂ ರಾತ್ರಿಯೂ ನಿಧಾನವಾಗಿ. ಮೂರನೆಯದು ಲಾರಿಯ ಮೇಲೆ ಹೋಯಿತು. ನಾಲ್ಕನೆಯ ಸಲ ಮೊದಲೆರಡರ ತಪ್ಪುಗಳನ್ನು ಎದುರಿಗಿಟ್ಟುಕೊಂಡು ಹೊಸದಾಗಿ ಲೆಕ್ಕ ಹಾಕಿದೆ. ಬೋಟು ಕೊಂಡವರು ಮೊದಲು ಕೇಳುವುದು ಎಷ್ಟು ದಿನ, ಎಷ್ಟು ಡೀಸೆಲ್ ಎಂದು. ಎರಡಕ್ಕೂ ಉತ್ತರ ಕೊಡುತ್ತೇನೆ. ಆದರೆ ನಾನು ಈಗ ಮೊದಲು ನೋಡುವುದು ಬೋಟು ಎಷ್ಟು ಗಂಟೆಗೆ ಬಂದರಿನ ಬಾಯಿಗೆ ಬರುತ್ತದೆ ಎಂಬುದನ್ನು.

ಲಾರಿಯ ಕತೆ ಬೇಗ ಮುಗಿಯುತ್ತದೆ. ಅದು 32 ಅಡಿಯ ಬೋಟು, ಅಗಲ 3 ಮೀಟರಿಗೂ ಹೆಚ್ಚು. ನಮ್ಮ ಮೋಟಾರು ವಾಹನ ನಿಯಮದಲ್ಲಿ ಸಾಮಾನ್ಯ ಲಾರಿಗೆ 2.6 ಮೀಟರ್ ಅಗಲದ ಮಿತಿ. ಹಾಗಾಗಿ ಬೇರೆ ಪರವಾನಗಿ, ತಗ್ಗು ಟ್ರೇಲರ್, ಮುಂದೊಂದು ಹಿಂದೊಂದು ಜೀಪು, ಎರಡು ಕಡೆ ಕ್ರೇನು. ರಾಡಾರ್ ಕಂಬ ಬಿಚ್ಚಿಟ್ಟೆವು. ಸೇತುವೆ, ವಿದ್ಯುತ್ ತಂತಿ ಬಂದಲ್ಲೆಲ್ಲ ಇಳಿದು ಕೋಲಿನಿಂದ ಅಳೆದೆವು. ಕಡಲಿನ ಅಪಾಯ ಒಂದೂ ಇರಲಿಲ್ಲ. ಆದರೆ ನೀರಿನ ಮೇಲೆ ಹರಡಿಕೊಳ್ಳಬೇಕಾದ ಭಾರ ನಾಲ್ಕೈದು ಮರದ ದಿಂಬುಗಳ ಮೇಲೆ ಕೂತು ರಸ್ತೆಯ ಗುಂಡಿಗಳಲ್ಲಿ ಕುಲುಕಿತ್ತು. ಕೊಚ್ಚಿಯಲ್ಲಿ ನೀರಿಗಿಳಿಸಿದ ಮೇಲೆ ಪ್ರೊಪೆಲ್ಲರ್ ತಿರುಗಿಸುವ ಶಾಫ್ಟಿನ ನೇರವನ್ನು ಮತ್ತೆ ಹೊಂದಿಸಬೇಕಾಯಿತು. ಬೋಟು ಚಿಕ್ಕದಾಗಿದ್ದರೆ, ಮಳೆಗಾಲದಲ್ಲೇ ಒಯ್ಯಬೇಕೆಂಬ ಹಟ ಇದ್ದರೆ ಲಾರಿಯೇ ಸರಿ. 40 ಅಡಿ ದಾಟಿದ್ದಕ್ಕೆ ನಾನು ಅದನ್ನು ಹೇಳುವುದಿಲ್ಲ.

ಇನ್ನು ಕಡಲು. ಮೊದಲ ಎರಡು ಸಲವೂ ಸುಮಾರು 45 ಅಡಿಯ ಬೋಟು, ಎರಡು ಡೀಸೆಲ್ ಇಂಜಿನ್, 1,300 ಲೀಟರಿನ ಟ್ಯಾಂಕು. ದಾರಿ ಹತ್ತಿರಹತ್ತಿರ 580 ನಾಟಿಕಲ್ ಮೈಲಿ (ಒಂದಕ್ಕೆ 1.85 ಕಿ.ಮೀ.; ಮುಂದೆ ಮೈಲಿ ಎಂದರೆ ಇದೇ). ಮುಂಬಯಿಯಿಂದ ಗೋವಾಕ್ಕೆ 225, ಅಲ್ಲಿಂದ ಮಂಗಳೂರಿಗೆ 160ರ ಮೇಲೆ, ಮಂಗಳೂರಿನಿಂದ ಕೊಚ್ಚಿಗೆ 195. ಎರಡೂ ಪಯಣ ಡಿಸೆಂಬರ್–ಫೆಬ್ರವರಿಯ ನಡುವೆ. ಅದರಾಚೆಗೆ ನಾನು ಒಪ್ಪುವುದಿಲ್ಲ. 2017ರ ನವೆಂಬರ್ ಕೊನೆಗೆ ಎದ್ದ ಓಖಿ, 2021ರ ಮೇ ತಿಂಗಳ ತೌಕ್ತೆ, ಎರಡೂ ಇದೇ ದಾರಿಯ ಮೇಲೆ ಹಾದುಹೋದ ಚಂಡಮಾರುತಗಳು. ಏಪ್ರಿಲ್–ಮೇನಲ್ಲಿ ಗಾಳಿಯೇ ಇಲ್ಲದ ದಿನವೂ ದಕ್ಷಿಣದ ದೂರ ಸಾಗರದಿಂದ ಉಬ್ಬು ಬಂದು ಕೇರಳದ ದಡಕ್ಕೆ ಅಪ್ಪಳಿಸುತ್ತದೆ. ಅಲ್ಲಿನವರು ಅದನ್ನು ಕಳ್ಳಕ್ಕಡಲ್ ಎನ್ನುತ್ತಾರೆ.

ಹಗಲ ಓಟದಲ್ಲಿ ರತ್ನಾಗಿರಿ, ಪಣಜಿ, ಕಾರವಾರ, ಮಲ್ಪೆ, ಮಂಗಳೂರು, ಬೇಪೂರು, ಕೊಚ್ಚಿ ಎಂದು ಏಳು ಹೆಜ್ಜೆ. 20 ನಾಟ್ ವೇಗದಲ್ಲಿ, ಅಂದರೆ ಗಂಟೆಗೆ 20 ಮೈಲಿಯಂತೆ, ಎರಡೂ ಇಂಜಿನ್ ಸೇರಿ ಗಂಟೆಗೆ 150 ಲೀಟರ್ ಕುಡಿದವು. ಮೈಲಿಗೆ ಏಳೂವರೆ ಲೀಟರ್. ಒಟ್ಟು 4,300 ಲೀಟರ್ ದಾಟಿತು, ಒಂಬತ್ತು ದಿನ ಹಿಡಿಯಿತು. ವೇಗದ ಪಯಣಕ್ಕೆ ಒಂಬತ್ತು ದಿನವೇ ಎಂದು ಮಾಲೀಕರಿಗೆ ಆಶ್ಚರ್ಯ. ಓಡಿದ್ದು ಒಟ್ಟು ಒಂದೂವರೆ ದಿನವೂ ಇಲ್ಲ. ಉಳಿದದ್ದೆಲ್ಲ ಡೀಸೆಲ್‌ಗೆ ಕಾಯುವುದು, ಪೊಲೀಸರಿಗೆ ಕಾಗದ ತೋರಿಸುವುದು, ಗಾಳಿ ಇಳಿಯಲಿ ಎಂದು ಕೂರುವುದು.

ನಿಧಾನದ ಪಯಣದಲ್ಲಿ 8 ನಾಟ್. ಗಂಟೆಗೆ 28 ಲೀಟರ್. ಒಟ್ಟು ಎರಡು ಸಾವಿರದ ಆಸುಪಾಸು, ಅಂದರೆ ಅರ್ಧಕ್ಕೂ ಕಡಿಮೆ. ಐದು ದಿನಕ್ಕೆ ಕೊಚ್ಚಿ. ಕಾಗದದ ಮೇಲೆ ಇದೇ ಗೆದ್ದಂತೆ ಕಾಣುತ್ತದೆ. ಆದರೆ ಇಂಥ ಬೋಟುಗಳು ನೀರಿನ ಮೇಲಕ್ಕೆದ್ದು ಓಡುವುದಕ್ಕೆ ಹುಟ್ಟಿದವು. ನಿಧಾನಕ್ಕೆ ಬಿಟ್ಟರೆ ಹಿಂದಿನ ಓರೆ ಅಲೆಗೆ ತೊಟ್ಟಿಲಿನಂತೆ ತೂಗುತ್ತವೆ. ಆಟೋಪೈಲಟ್ ಚುಕ್ಕಾಣಿಯನ್ನು ಎಡಕ್ಕೆ ಬಲಕ್ಕೆ ತಿರುಗಿಸುತ್ತಲೇ ಇರುತ್ತದೆ. ಮೂವರಲ್ಲಿ ಇಬ್ಬರಿಗೆ ಊಟ ಸೇರಲಿಲ್ಲ. ಇಂಜಿನ್ನಿಗೂ ದಿನಗಟ್ಟಲೆ ಕಡಿಮೆ ಹೊರೆ ಒಳ್ಳೆಯದಲ್ಲ, ಮಸಿ ಕಟ್ಟುತ್ತದೆ. ಐದಾರು ಗಂಟೆಗೊಮ್ಮೆ ಕಾಲು ಗಂಟೆ ವೇಗ ಏರಿಸಿ ಬಿಸಿ ಮಾಡಿದೆವು. ಆ ಕಾಲು ಗಂಟೆಯ ಡೀಸೆಲನ್ನೂ ಲೆಕ್ಕಕ್ಕೆ ಸೇರಿಸಬೇಕು.

ಈಗ ಎರಡರಲ್ಲೂ ಕೈಮೀರಲು ಹೊರಟ ಗಳಿಗೆಯನ್ನು ಹೇಳುತ್ತೇನೆ.

ನಮ್ಮ ಪಡುವಣ ಕರಾವಳಿಯಲ್ಲಿ ಚಳಿಗಾಲದ ಗಾಳಿಗೆ ದಿನಚರಿ ಇದೆ. ಬೆಳಗಿನ ತನಕ ನೆಲದ ಕಡೆಯಿಂದ ಮೂಡಗಾಳಿ, ನೀರು ತಟ್ಟೆಯಂತೆ. ಹನ್ನೆರಡರ ನಂತರ ವಾಯವ್ಯದಿಂದ ಕಡಲಗಾಳಿ ಎದ್ದು ಮೂರು ನಾಲ್ಕರ ಹೊತ್ತಿಗೆ ಅಲೆ ಬೆಳೆಸುತ್ತದೆ. ಹಗಲ ಓಟದಲ್ಲಿ ರತ್ನಾಗಿರಿಯಲ್ಲಿ ಪೀಪಾಯಿಯ ಡೀಸೆಲ್ ಬರುವುದು ತಡವಾಗಿ ಒಂಬತ್ತೂವರೆಗೆ ಹೊರಟೆವು. ಗಾಳಿ ಎದ್ದ ಮೇಲೆ 20 ನಾಟ್ ಇಡಲಾಗದೆ 13ಕ್ಕೆ ಇಳಿಸಿದೆವು. ಅದು ಇಂಥ ಬೋಟಿಗೆ ಅತಿ ಕೆಟ್ಟ ವೇಗ. ಮೇಲಕ್ಕೂ ಏಳದು, ಕೆಳಗೂ ಕೂರದು, ನೀರನ್ನು ತಳ್ಳುತ್ತ ಮೈಲಿಗೆ ಇನ್ನೂ ಹೆಚ್ಚು ಕುಡಿಯುತ್ತದೆ. ಪಣಜಿಯ ಆಗ್ವಾದ ಕೋಟೆಯ ಮುಂದೆ ಮಾಂಡವಿ ನದಿಯ ಬಾಯಿಗೆ ಬರುವಾಗ ನಾಲ್ಕು ಗಂಟೆ. ಮರಳು ದಿಬ್ಬದ ಮೇಲೆ ಅಲೆ ಕಡಿದಾಗಿ ಏಳುತ್ತಿತ್ತು. ಹಿಂದಿನಿಂದ ಬಂದ ಒಂದು ಅಲೆ ಬೋಟಿನ ಹಿಂಭಾಗ ಎತ್ತಿತು, ಚುಕ್ಕಾಣಿಗೆ ನೀರಿನ ಹಿಡಿತ ತಪ್ಪಿತು, ಬೋಟು ಅಡ್ಡ ತಿರುಗಿ ಬಲಕ್ಕೆ ವಾಲಿತು. ಒಂದೇ ಕಡೆಯ ಇಂಜಿನ್ನಿಗೆ ಪೂರ್ತಿ ಜೋರು ಕೊಟ್ಟು ನೇರ ಮಾಡಿದೆ. ಮೂರ್ನಾಲ್ಕು ಸೆಕೆಂಡು ಇರಬಹುದು. ಅಡಿಗೆಮನೆಯ ಬಾಗಿಲು ಕಿತ್ತುಬಂದಿತ್ತು, ನನ್ನ ಜೊತೆಗಾರನ ಮೊಣಕೈ ಒಡೆದಿತ್ತು.

ನಾನು ಹೊನ್ನಾವರದ ಕಡೆಯವನು. ಶರಾವತಿಯ ಅಳಿವೆಯಲ್ಲಿ, ಅಂದರೆ ನದಿ ಕಡಲು ಸೇರುವ ಬಾಯಿಯಲ್ಲಿ, ಮೀನು ಬೋಟು ಮಗುಚುವುದನ್ನು ಕೇಳುತ್ತಲೇ ಬೆಳೆದವನು. ನಮ್ಮೂರಿನ ಹಿರಿಯ ತಂಡೇಲರೊಬ್ಬರು (ಮೀನು ಬೋಟಿನ ಮುಖ್ಯಸ್ಥರು) ಹೇಳುತ್ತಿದ್ದರು: "ತಮಾ, ಕಡಲು ಮುಳುಗ್ಸೂದಿಲ್ಲ, ಅಳಿವೆ ಮುಳುಗ್ಸ್ತದೆ." ಅದು ಗೊತ್ತಿದ್ದೂ ಡೀಸೆಲ್ ತಡವಾದ ದಿನ ರತ್ನಾಗಿರಿಯಲ್ಲೇ ಉಳಿಯದೆ ಹೊರಟದ್ದು ನನ್ನ ತಪ್ಪು.

ಎರಡನೆಯ ಸಲ ಊಟ ಮುಗಿಸಿ ರಾತ್ರಿ ಹನ್ನೊಂದಕ್ಕೆ ಮುಂಬಯಿ ಬಿಟ್ಟೆವು. ದಡದಿಂದ 25 ಮೈಲಿ ದೂರ ಹಿಡಿದಾಗ ಮೊದಲ ಇಡೀ ದಿನ ನೆಮ್ಮದಿ. ಅಲ್ಲಿ ಬಲೆ ಕಡಿಮೆ ಸಿಕ್ಕವು, ದೊಡ್ಡ ಹಡಗುಗಳು, ರೇಡಿಯೋ ಸಂಕೇತದಿಂದ ಅವುಗಳ ಜಾಗ ತೋರಿಸುವ ಎಐಎಸ್ ಪರದೆಯ ಮೇಲೆ, ಮೊದಲೇ ಕಾಣುತ್ತಿದ್ದವು. ಆದರೆ 28 ಗಂಟೆಯ ದಾರಿಯಾದ್ದರಿಂದ ಪಣಜಿ ಮುಟ್ಟುವುದು ಮರುರಾತ್ರಿ ಮೂರಕ್ಕೆ. ಅಂದರೆ ದಡದತ್ತ ತಿರುಗುವ ಭಾಗವೆಲ್ಲ ಕತ್ತಲಲ್ಲಿ. ವೆಂಗುರ್ಲಾ ಬಂಡೆಗಳ ಹೊರಗೆ ನಡುರಾತ್ರಿ ಎಡಗಡೆಯ ಪ್ರೊಪೆಲ್ಲರಿಗೆ ಬಲೆ ಸುತ್ತಿತು. ಇಂಜಿನ್ ನಿಂತಿತು. ಬಲೆಯ ತುದಿಗೆ ಕಟ್ಟಿದ್ದ ಬೆಂಡಿನ ಮೇಲೆ ಪುಟ್ಟ ಮಿಣುಕು ದೀಪ, ಅಲೆಯ ಇಳುಕಲಿನಲ್ಲಿ ನಮಗೆ ಕಾಣಲೇ ಇಲ್ಲ. ಕತ್ತಲಲ್ಲಿ ಯಾರನ್ನೂ ನೀರಿಗಿಳಿಸಲಿಲ್ಲ. ಬೆಳಗಿನ ತನಕ ಬೋಟಿನ ಮೇಲೆ ಕಾವಲಿದ್ದು, ಬಲೆಯವರು ಬಂದ ಮೇಲೆ ಅವರ ಜೊತೆಗೇ ಇಳಿದು ಕೊಯ್ದು ತೆಗೆದೆವು. ಬಲೆಯ ಹಣ ಅಲ್ಲೇ ಕೊಟ್ಟೆ. ಕೊಡದೆ ಹೋಗುವವರೂ ಇದ್ದಾರೆ, ಅದು ನನಗೆ ಸಹಿಸುವುದಿಲ್ಲ. ಆ ಬಲೆ ಒಂದು ಮನೆಯ ಇಡೀ ವರ್ಷದ ಅನ್ನ.

ಎರಡು ಕತೆಯನ್ನೂ ಅಕ್ಕಪಕ್ಕ ಇಟ್ಟಾಗ ನನಗೆ ಕಂಡದ್ದು ಇದು. ವೇಗದ ಪಯಣವೂ ನಿಧಾನದ ಪಯಣವೂ ಕೆಟ್ಟದ್ದು ಕೊನೆಯ 25 ಮೈಲಿಯಲ್ಲಿ. ಒಂದು ಆ ಭಾಗಕ್ಕೆ ಗಾಳಿಯ ಹೊತ್ತಿನಲ್ಲಿ ಬಂತು, ಇನ್ನೊಂದು ಕತ್ತಲಲ್ಲಿ ಬಂತು. ಹಾಗಾದರೆ ಯಾವ ಹೊತ್ತು? ಸೂರ್ಯ ಹುಟ್ಟಿದ ಕೂಡಲೇ ಬಂದರೂ ಕಷ್ಟ. ನಾವು ಪೂರ್ವಕ್ಕೆ ಮುಖ ಮಾಡಿ ಒಳಗೆ ಬರುವವರು, ತಗ್ಗಿನ ಬಿಸಿಲು ನೀರಿನ ಮೇಲೆ ಹೊಳೆದು ಬೆಂಡುಗಳನ್ನು ಮುಚ್ಚಿಬಿಡುತ್ತದೆ. ಒಂಬತ್ತೂವರೆಯಿಂದ ಹನ್ನೊಂದೂವರೆ, ಇದೇ ನನ್ನ ಕಿಟಕಿ. ಬಿಸಿಲು ಮೇಲೇರಿರುತ್ತದೆ, ಕಡಲಗಾಳಿ ಇನ್ನೂ ಎದ್ದಿರುವುದಿಲ್ಲ, ರಾತ್ರಿ ಹೋದ ಬೋಟುಗಳು ಮರಳುವ ಗದ್ದಲವೂ ತುಸು ತಗ್ಗಿರುತ್ತದೆ.

ನಾಲ್ಕನೆಯ ಸಲ ಹತ್ತು ಗಂಟೆಯಿಂದ ಹಿಂದಕ್ಕೆ ಎಣಿಸಿದೆ. ಪಣಜಿಗೆ 28 ಗಂಟೆ, ಆದ್ದರಿಂದ ಮುಂಬಯಿಯಿಂದ ಹೊರಡುವುದು ಹಿಂದಿನ ಬೆಳಿಗ್ಗೆ ಆರಕ್ಕೆ. ರಾತ್ರಿಯೆಲ್ಲ 25 ಮೈಲಿ ಹೊರಗೆ. ಮಬ್ಬು ಬೆಳಕು ಹರಿದಾಗ ದಡಕ್ಕೆ ತಿರುಗಿದರೆ 8 ನಾಟಿನಲ್ಲಿ ಮೂರು ಗಂಟೆ ಚಿಲ್ಲರೆ, ಸರಿಯಾಗಿ ಹತ್ತಕ್ಕೆ ಬಾಯಿಯಲ್ಲಿ. ಪಣಜಿಯಿಂದ ಮಂಗಳೂರಿಗೆ ಇಪ್ಪತ್ತೂವರೆ ಗಂಟೆ, ಹೊರಟದ್ದು ಮಧ್ಯಾಹ್ನ ಒಂದೂವರೆಗೆ. ಗಾಳಿ ಎದ್ದಿದ್ದರೂ ಹೊರಹೋಗುವಾಗ ಅಲೆಗೆ ಮುಖ ಕೊಟ್ಟಿರುತ್ತೇವೆ, ಬೋಟು ನಮ್ಮ ಮಾತು ಕೇಳುತ್ತದೆ. ಮಂಗಳೂರಿನಿಂದ ಕೊಚ್ಚಿಗೆ ಒಂದು ದಿನಕ್ಕೆ ಅರ್ಧ ಗಂಟೆ ಹೆಚ್ಚು, ಒಂಬತ್ತೂವರೆಗೆ ಹೊರಟೆವು. ಬೇಗ ತಲುಪುವಂತೆ ಕಂಡರೆ ಹೊರಗೇ ವೇಗ ಇಳಿಸುವುದು. ತಡವಾದರೆ ಆಗ ಮಾತ್ರ 20 ನಾಟ್. ವೇಗವನ್ನು ಹೀಗೆ ಹೊತ್ತು ಸರಿಪಡಿಸಲು ಉಳಿಸಿಟ್ಟುಕೊಳ್ಳಬೇಕು, ಅದಕ್ಕೇ ಪ್ರತಿ ಹಂತದಲ್ಲೂ ಟ್ಯಾಂಕಿನ ಮೂರನೇ ಒಂದು ಪಾಲು ಮುಟ್ಟದೆ ಇಡುವುದು.

ಪಣಜಿಯಿಂದ ನೇರ ಕೊಚ್ಚಿಗೆ ಹೋಗಬಹುದಲ್ಲ ಎಂದು ಮಾಲೀಕರು ಕೇಳಿದರು. 44 ಗಂಟೆಗೆ 28ರಂತೆ 1,232 ಲೀಟರ್, ಟ್ಯಾಂಕು 1,300. ಲೆಕ್ಕವನ್ನೇ ಬರೆದು ತೋರಿಸಿದೆ, ಮತ್ತೆ ಕೇಳಲಿಲ್ಲ.

ಹೊರಗೆ ಹೋಗುವ ಯೋಜನೆಗೆ ಕೆಲವು ಬೇಡಿಕೆಗಳಿವೆ. ಹಗಲ ಓಟಕ್ಕೆ ಇಬ್ಬರು ಸಾಕು, ಇದಕ್ಕೆ ನಾಲ್ವರು ಬೇಕು, ಮೂರು ಗಂಟೆಗೊಮ್ಮೆ ಕಾವಲು ಬದಲು. ಮೂವರಲ್ಲಿ ಮಾಡಿ ನೋಡಿದ್ದೇನೆ, ಮೂರನೆಯ ದಿನ ಕಣ್ಣು ತೆರೆದಿದ್ದೂ ಏನೂ ನೋಡುತ್ತಿರುವುದಿಲ್ಲ. ಲೈಫ್‌ರಾಫ್ಟ್, ಅಪಾಯದಲ್ಲಿ ನಮ್ಮ ಜಾಗವನ್ನು ಉಪಗ್ರಹಕ್ಕೆ ತಿಳಿಸುವ 406 ಮೆಗಾಹರ್ಟ್ಸ್‌ನ ಇಪಿಐಆರ್‌ಬಿ, ವಿಎಚ್‌ಎಫ್‌ನಲ್ಲಿ ಸದಾ ತೆರೆದ, ರೇಡಿಯೋದ ತುರ್ತು ಕರೆಯ 16ನೇ ಚಾನೆಲ್. ಕೋಸ್ಟ್ ಗಾರ್ಡಿನ ತುರ್ತು ಸಂಖ್ಯೆ 1554 ಎಲ್ಲರ ಫೋನಿನಲ್ಲೂ. ಡೀಸೆಲ್ ಫಿಲ್ಟರ್ ಡಜನ್‌ಗಟ್ಟಲೆ ಒಯ್ಯಿರಿ. ನಿಂತೇ ಇದ್ದ ಬೋಟಿನ ಟ್ಯಾಂಕಿನ ತಳದಲ್ಲಿ ವರ್ಷಗಳ ಕೆಸರು ಇರುತ್ತದೆ, ಮೊದಲ ದೊಡ್ಡ ಅಲೆಗೆ ಅದೆಲ್ಲ ಕದಡಿ ಫಿಲ್ಟರಿಗೆ ಬರುತ್ತದೆ. ಹಗಲ ಓಟದ ಬೋಟಿನಲ್ಲಿ ಹಾಗೇ ಆಯಿತು. ನಾಲ್ಕನೆಯ ಸಲ ಹೊರಡುವ ಮೊದಲೇ ಟ್ಯಾಂಕು ಬಿಚ್ಚಿ ತೊಳೆಸಿದೆ. ಒಂದೇ ಫಿಲ್ಟರ್ ಹಾಳಾಯಿತು.

ತಪ್ಪಿಸಿಕೊಳ್ಳುವ ಜಾಗಗಳನ್ನೂ ಮೊದಲೇ ಗುರುತು ಹಾಕುತ್ತೇನೆ. ನಕ್ಷೆಯಲ್ಲಿ ಹೊನ್ನಾವರ, ಗಂಗೊಳ್ಳಿ ಎಂದು ಹೆಸರು ಕಂಡ ಮಾತ್ರಕ್ಕೆ ಆಸರೆ ಎಂದುಕೊಳ್ಳಬೇಡಿ. ಗಾಳಿ ಎದ್ದಾಗ ಹೊಸಬರು ಆ ಅಳಿವೆಗಳತ್ತ ಹೋಗಲೇಬಾರದು. ಕಾರವಾರ ಕೊಲ್ಲಿ ಒಳ್ಳೆಯ ಆಸರೆ, ಆದರೆ ಪಕ್ಕದಲ್ಲೇ ನೌಕಾನೆಲೆ, ಅಂಜದೀಪದ ಹತ್ತಿರ ಸುಳಿಯಬಾರದು. ನೇತ್ರಾಣಿ ದ್ವೀಪವನ್ನು ನೌಕಾಪಡೆ ಗುಂಡಿನ ಅಭ್ಯಾಸಕ್ಕೆ ಬಳಸಿದ್ದುಂಟು, ಆದ್ದರಿಂದ ಹೊರಡುವ ದಿನ ಅಲೆಯ ಮುನ್ಸೂಚನೆಗೆ ಸರ್ಕಾರಿ ಕಡಲ ಮಾಹಿತಿ ಕೇಂದ್ರವಾದ ಇನ್‌ಕಾಯಿಸ್ ನೋಡುವಾಗಲೇ ನೌಕಾಯಾನ ಎಚ್ಚರಿಕೆಗಳನ್ನೂ ನೋಡಿ. 2008ರ ನವೆಂಬರಿನಲ್ಲಿ ಮುಂಬಯಿಗೆ ದಾಳಿಕೋರರು ಬಂದದ್ದು ವಶಪಡಿಸಿಕೊಂಡ ಮೀನುಗಾರಿಕೆ ದೋಣಿಯಲ್ಲಿ. ಅಪರಿಚಿತ ಬಿಳಿ ಬೋಟೊಂದು ಕತ್ತಲಲ್ಲಿ ದಡಕ್ಕೆ ಬಂದರೆ ಕರಾವಳಿ ಪೊಲೀಸರು ತಡೆಯುವುದು ಅವರ ಕರ್ತವ್ಯ. ಎಲ್ಲರ ಹೆಸರು, ಗುರುತಿನ ಚೀಟಿಯ ಪ್ರತಿ, ತಲುಪುವ ಹೊತ್ತು, ಇಷ್ಟನ್ನು ಹಿಂದಿನ ದಿನವೇ ಕಳಿಸಿದ್ದರಿಂದ ನಾಲ್ಕನೆಯ ಸಲ ಎಲ್ಲೂ ಅರ್ಧ ಗಂಟೆಗಿಂತ ಹೆಚ್ಚು ನಿಲ್ಲಬೇಕಾಗಲಿಲ್ಲ.

ಕೊಚ್ಚಿಯ ಬಾಯಿಗೆ ಬಂದಾಗ ಹತ್ತು ಹತ್ತು. ಬಲಕ್ಕೆ ಫೋರ್ಟ್ ಕೊಚ್ಚಿಯ ಚೀನಾ ಬಲೆಗಳು, ನೀರಿನ ಮೇಲೆ ಸುಕ್ಕಿಲ್ಲ. ಟ್ಯಾಂಕಿನಲ್ಲಿ 560 ಲೀಟರ್ ಉಳಿದಿತ್ತು. ಈ ಯೋಜನೆಯಲ್ಲೂ ಒಂದು ಕಡೆ ತಿದ್ದುವುದಿದೆ: ಪಣಜಿಯಲ್ಲಿ ಮೂರೂವರೆ ಗಂಟೆಯಲ್ಲೇ ಡೀಸೆಲ್ ತುಂಬಿ ಮತ್ತೆ ಹೊರಟೆವು, ಎರಡನೆಯ ರಾತ್ರಿ ಭಟ್ಕಳದ ಎದುರು ಕಾವಲಿನವನು ಎರಡು ಸಲ ತೂಕಡಿಸಿದ. ಮುಂದಿನ ಸಲ ಪಣಜಿಯಲ್ಲಿ ಒಂದು ಇಡೀ ರಾತ್ರಿ ನಿದ್ದೆಗೆ ಬಿಟ್ಟು, ಮರುದಿನ ಮಧ್ಯಾಹ್ನ ಒಂದೂವರೆಗೆ ಹೊರಡುತ್ತೇನೆ.